ಕಲ್ಲು ಕುಡಿದ 150 ಗ್ರಾಂ: ನಮ್ಮ ಓಣಿಯ ಗಿರಣಿಯ ರಿವ್ಯೂ

ಗದಗಿನ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಬೋರ್ಡಿಲ್ಲ. ಮ್ಯಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಕ್ಷತ್ರ ಒತ್ತೋಣ ಅಂದರೆ ಒತ್ತಲು ಜಾಗವೇ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಕಡಿಮೆ ಕೊಡುವ ಯೋಗ್ಯತೆ ನನಗಿದೆಯಾ ಅಂತ ಈಗಲೂ ಗೊತ್ತಿಲ್ಲ.

ಈ ಸಲ, 2025ರ ದೀಪಾವಳಿ, ಅಕ್ಟೋಬರಿನಲ್ಲೇ ಬಂತು. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಗುಂತಕಲ್ಲು, ಬಳ್ಳಾರಿ, ಹೊಸಪೇಟೆ ಸುತ್ತಿಕೊಂಡು ಬರುವ ಗಾಡಿ ಅದು. ಅವಸರ ಇದ್ದವರು ಹುಬ್ಬಳ್ಳಿ ಮೇಲೆ ಬರುವುದು ಒಳ್ಳೆಯದು, ನನಗೆ ಆ ಸುತ್ತೇ ಇಷ್ಟ. ಕೊಪ್ಪಳ ದಾಟಿದ ಮೇಲೆ ಕಿಟಕಿಯ ಹೊರಗೆ ಕರಿಮಣ್ಣು ಶುರುವಾದರೆ ಊರು ಬಂತು ಅಂತ ಲೆಕ್ಕ. ಮನೆಗೆ ಬಂದು ಚಹಾ ಕುಡಿದು ಲೋಟ ಕೆಳಗಿಟ್ಟಿಲ್ಲ, ಅಮ್ಮ ಮೂರು ಡಬ್ಬಿ ತಂದು ಮುಂದಿಟ್ಟಳು. ನೀರು ತುಂಬುವ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು.

"ಬಂದೆಲ್ಲಾ, ಛಲೋ ಆತು. ಗಿರಣಿಗೆ ಹೋಗಿ ಬಾ. ಹಬ್ಬದ ಗದ್ಲ ಅದ, ಲಗೂನ ಹೋಗು."

ಒಂದರಲ್ಲಿ 5 ಕಿಲೋ ಬಿಳಿ ಜೋಳ. ಇನ್ನೊಂದರಲ್ಲಿ ಗೋಧಿ. ಮೂರನೆಯದು ಚಕ್ಕುಲಿಗೆ: ನಾಲ್ಕು ಅಳತೆ ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿದ್ದು, ಒಂದು ಅಳತೆ ಉದ್ದಿನ ಬೇಳೆ ಹುರಿದದ್ದು, ಅರ್ಧ ಅಳತೆ ಪುಟಾಣಿ. ಡಬ್ಬಿಗಳ ಮೇಲೆ ಅಪ್ಪನ ಹೆಸರು ಕೆಂಪು ಪೇಂಟಿನಲ್ಲಿದೆ. ಅಪ್ಪ ಹೋಗಿ ಆರು ವರ್ಷವಾಯಿತು, ಗಿರಣಿಯ ಲೆಕ್ಕದಲ್ಲಿ ನಾವಿನ್ನೂ ಅವನ ಹೆಸರಿನಲ್ಲೇ ಇದ್ದೇವೆ.

ಗೊತ್ತಿಲ್ಲದವರಿಗೆ ಪದ್ಧತಿ ಹೇಳುತ್ತೇನೆ. ಇಲ್ಲಿ ಜನ ಪಾಳಿಯಲ್ಲಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಸ್ಟೀಲ್ ಡಬ್ಬಿ, ತಂತಿ ಹಿಡಿಕೆ ಹಾಕಿದ ಎಣ್ಣೆ ಡಬ್ಬಿ, ಗೊಬ್ಬರದ ಚೀಲ, ಒಂದಿಬ್ಬರ ಹಳೇ ಸ್ಕೂಲ್ ಬ್ಯಾಗು ಕೂಡ. ನಿಮ್ಮ ಡಬ್ಬಿ ಸಾಲಿನಲ್ಲಿಟ್ಟು ಚಹಾ ಕುಡಿದು ಬನ್ನಿ, ಸಂತೆಗೆ ಹೋಗಿ ಬನ್ನಿ, ವೀರನಾರಾಯಣನ ಗುಡಿಗೆ ಹೋಗಿ ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಅನ್ನುವ ಕಂಬ ನೋಡಿಕೊಂಡು ಬೇಕಾದರೂ ಬನ್ನಿ. ಡಬ್ಬಿ ಒಂದಿಂಚು ಹಿಂದೆ ಹೋಗಿರುವುದಿಲ್ಲ. ಬೆಂಗಳೂರಿನಲ್ಲಿ ಟೋಕನ್ ಯಂತ್ರ ಇಟ್ಟ ಕಡೆಯೂ ಜಗಳ ನೋಡಿದ್ದೇನೆ. ಇಲ್ಲಿ ಅಂಥ ಜಗಳ ನಾನಂತೂ ನೋಡಿಲ್ಲ.

ಬೀಸುವುದಕ್ಕೂ ಒಂದು ಕ್ರಮ ಇದೆ. ಉಪವಾಸದ ಹಿಟ್ಟು ಇದ್ದರೆ ಮುಂಜಾನೆ, ಕಲ್ಲು ಒರೆಸಿ, ಎಲ್ಲಕ್ಕಿಂತ ಮೊದಲು. ಆಮೇಲೆ ಅಕ್ಕಿ, ಚಕ್ಕುಲಿ ಹಿಟ್ಟು. ಆಮೇಲೆ ಜೋಳದವರೆಲ್ಲ ಒಂದು ಗುಂಪು, ಗೋಧಿಯವರೆಲ್ಲ ಒಂದು ಗುಂಪು. ಜೋಳ ಮುಗಿದು ಗೋಧಿ ಶುರುವಾದಾಗ ಮೊದಲ ಡಬ್ಬಿಯವರಿಗೆ ಒಂದು ಹಿಡಿ ಜೋಳದ ಹಿಟ್ಟು ಬಿಟ್ಟಿಯಾಗಿ ಸೇರುತ್ತದೆ. ಚಪಾತಿ ಸ್ವಲ್ಪ ಬಿರುಸಾಗುತ್ತದೆ, ಯಾರೂ ಸತ್ತಿಲ್ಲ. ಖಾರದ ಪುಡಿಯ ಯಂತ್ರ ಪಕ್ಕದ ಕೋಣೆಯಲ್ಲಿದೆ. ಅದು ನಡೆಯುವಾಗ ಮಾತ್ರ ಈ ಕಡೆ ಬರಬೇಡಿ. ನಾನು ಹೋದಾಗ ಯಾರದೋ ಬ್ಯಾಡಗಿ ಮೆಣಸಿನಕಾಯಿ ಪುಡಿಯಾಗುತ್ತಿತ್ತು. ಬ್ಯಾಡಗಿ ಅಂದರೆ ಬಣ್ಣ ಜಾಸ್ತಿ ಖಾರ ಕಮ್ಮಿ ಅಂತಾರೆ. ನನ್ನ ಮೂಗಿಗೆ ಅದು ಗೊತ್ತಿರಲಿಲ್ಲ, ಹದಿನೈದು ಸೀನು.

ಈಗ ಮುಖ್ಯ ವಿಷಯ, ಹಿಟ್ಟು.

ರೊಟ್ಟಿ ಬಡಿಯುವವರಿಗೆ ಗೊತ್ತು, ಜೋಳದ ಹಿಟ್ಟಿಗೆ ಆಯುಷ್ಯ ಕಡಿಮೆ. ಗ್ಲುಟೆನ್ ಅನ್ನುತ್ತಾರಲ್ಲ, ಗೋಧಿಯನ್ನು ಎಳೆದು ಹಿಡಿಯುವ ಆ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟು ಅರ್ಧ ಬೆಂದು ಜಿಗಿ ಬರಬೇಕು, ಆ ಜಿಗಿಯ ಮೇಲೆಯೇ ರೊಟ್ಟಿ ನಿಲ್ಲಬೇಕು. ಹಿಟ್ಟು ಹಳತಾಯಿತೋ, ಜಿಗಿ ಹೋಯಿತು. ಅಂಚು ಬಿರಿಯುತ್ತದೆ, ಎತ್ತಿದರೆ ಕೈಯಲ್ಲೇ ಹರಿಯುತ್ತದೆ. ಅದಕ್ಕೇ ನಮ್ಮ ಕಡೆ ವಾರಕ್ಕೋ ಹತ್ತು ದಿನಕ್ಕೋ ಆಗುವಷ್ಟೇ ಬೀಸಿಸುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ, ಯಾವ ಕಂಪನಿ ಅಂತ ಹೇಳುವುದಿಲ್ಲ, ಮೂರು ತಿಂಗಳ ಹಿಂದೆ ಬೀಸಿದ್ದು. ಅದರಲ್ಲಿ ನನ್ನ ಹೆಂಡತಿ ಬಡಿದ ರೊಟ್ಟಿ ಗದಗ ಜಿಲ್ಲೆಯ ನಕ್ಷೆಯ ಹಾಗಿರುತ್ತದೆ, ಕೆಲವೊಮ್ಮೆ ತಾಲ್ಲೂಕುಗಳು ಬೇರೆ ಬೇರೆಯಾಗಿಯೇ ಹೆಂಚಿಗೆ ಬೀಳುತ್ತವೆ. ಪಾಪ, ಅವಳ ತಪ್ಪಲ್ಲ.

ಮನೆಯಲ್ಲೇ ಬೀಸುವ ಯಂತ್ರವನ್ನೂ ಕೊಂಡು ನೋಡಿದೆ. ಬೀರುವಿನಷ್ಟು ದೊಡ್ಡದು, ಹದಿನೆಂಟು ಸಾವಿರ ಕೊಟ್ಟೆ. ಹಿಟ್ಟೇನೋ ನುಣ್ಣಗೆ ಬರುತ್ತದೆ, ಆದರೆ ಬಿಸಿಯಾಗಿ, ಸುಟ್ಟ ವಾಸನೆಯ ಅಂಚಿನಲ್ಲಿ. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದರು. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತೇವೆ.

ಊರಿನ ಗಿರಣಿಯಲ್ಲಿ ನಡೆಯುವುದೇ ಬೇರೆ. ಗಿರಣಿಯವನು (ಈಗ ನಡೆಸುವುದು ಮಗ, ನನಗಿಂತ ಎರಡು ಮೂರು ವರ್ಷ ದೊಡ್ಡವನು) ಮೇಲಿನ ಬುಟ್ಟಿಗೆ ಜೋಳ ಸುರಿದು ಬಾಯಿ ಬಿಡುತ್ತಾನೆ. ಬೆಲ್ಟು ಪಟಪಟ ಅನ್ನುತ್ತದೆ. ಕೆಳಗೆ ಬಟ್ಟೆಯ ಸೊಂಡಿಲಿನಿಂದ ಹಿಟ್ಟು ಇಳಿಯುತ್ತದೆ. ಅವನು ಆ ಸೊಂಡಿಲಿನ ಒಳಗೆ ಕೈ ಹಾಕಿ ಒಂದು ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕುತ್ತಾನೆ, ಕಣ್ಣು ಬೇರೆಲ್ಲೋ ಇರುತ್ತದೆ, ಬಹುಶಃ ರಸ್ತೆಯ ಮೇಲೆ ಹೋಗುವ ಎಮ್ಮೆಯ ಮೇಲೆ, ಆದರೆ ಬೆರಳು ಮಾತ್ರ ಹಿಟ್ಟಿನ ಜೊತೆ ಮಾತಾಡುತ್ತಿರುತ್ತದೆ, ಇನ್ನೊಂದು ಕೈ ಗಾಲಿಯನ್ನು ಒಂದು ನೂಲಿನಷ್ಟು ತಿರುಗಿಸುತ್ತದೆ, ಮತ್ತೆ ಚಿಟಿಕೆ, ಮತ್ತೆ ತಿಕ್ಕಾಟ, ಆಮೇಲೆ ತಲೆ ಆಡಿಸುತ್ತಾನೆ. ಅಷ್ಟೇ. ರೊಟ್ಟಿಯ ಹಿಟ್ಟಿಗೆ ಒಂದು ಸಣ್ಣ, ಕಡುಬಿಗೆ ಇನ್ನೊಂದು, ಚಕ್ಕುಲಿಗೆ ಮತ್ತೊಂದು. ಕೇಳುವುದಿಲ್ಲ, ಡಬ್ಬಿ ನೋಡಿದರೆ ಅವನಿಗೆ ಗೊತ್ತಾಗುತ್ತದೆ. ನಮ್ಮ ಡಬ್ಬಿ ನೋಡಿ, "ನಿಮ್ಮ ಅವ್ವಗ ಸ್ವಲ್ಪ ಉರುಟ ಬೇಕ್ರಿ" ಅಂದ. ನನಗೇ ಗೊತ್ತಿರಲಿಲ್ಲ.

ಜೋಳದ ಬಗ್ಗೆ ಒಂದು ಮಾತು. ಅಮ್ಮ ತರುವುದು ಮಾಲದಂಡಿ, ಮುಳಗುಂದದ ಕಡೆಯ ಹೊಲದ್ದು. ಕೃಷಿ ಇಲಾಖೆಯವರು ಎಂ 35-1 ಅನ್ನುತ್ತಾರೆ. 1930ರ ದಶಕದಲ್ಲಿ ಸೊಲ್ಲಾಪುರದ ಹತ್ತಿರದ ಮೊಹೋಳದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ತಳಿ. ಆಮೇಲೆ ಎಷ್ಟೋ ಹೊಸ ತಳಿ ಬಂದವು, ರೊಟ್ಟಿಯ ವಿಷಯಕ್ಕೆ ಬಂದರೆ ನಮ್ಮ ಓಣಿಯ ಹೆಂಗಸರು ಇನ್ನೂ ಅದನ್ನು ಬಿಟ್ಟಿಲ್ಲ. ಹಿಂಗಾರಿಗೆ ಬಿತ್ತುತ್ತಾರೆ, ಕರಿಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆಯುತ್ತದೆ. ನಾನು ಹೋದಾಗ ಬಿತ್ತನೆ ನಡೆದಿತ್ತು, ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ (ಭೂಮಿತಾಯಿಯ ಎಡೆ) ಚೆಲ್ಲಿ ಎರಡು ವಾರವಾಗಿತ್ತು.

ಈಗ ಆ ಅರ್ಧ ನಕ್ಷತ್ರದ ಕಥೆ.

ನನ್ನ ಹತ್ತಿರ ಬ್ಯಾಗು ತೂಗುವ ಒಂದು ಪುಟ್ಟ ತಕ್ಕಡಿ ಇದೆ. ಅಂಗೈಯಲ್ಲಿ ಹಿಡಿಯುವಂಥದ್ದು, ವಿಮಾನಕ್ಕೆ ಅಂತ ಒಮ್ಮೆ ಕೊಂಡಿದ್ದು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದರೆ ಮನುಷ್ಯನಿಗೆ ಎಲ್ಲರ ಮೇಲೂ ಅನುಮಾನ ಬರುತ್ತದೆ ನೋಡಿ. ಹೋಗುವ ಮುಂಚೆ ಜೋಳದ ಡಬ್ಬಿ ತೂಗಿದ್ದೆ. ಬೀಸಿಸಿಕೊಂಡು ಬಂದು, ಅಮ್ಮ ಒಳಗಿದ್ದಾಗ, ಪಡಸಾಲೆಯಲ್ಲಿ ಮತ್ತೆ ತೂಗಿದೆ. 150 ಗ್ರಾಂ ಕಡಿಮೆ.

ಸಿಟ್ಟೇನೂ ಬರಲಿಲ್ಲ, ಒಂದು ಥರ ಖುಷಿಯೇ ಆಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಸಿಕ್ಕಿಬಿದ್ದ ಅಂತ. ಮರುದಿನ ಗೋಧಿ ಡಬ್ಬಿ ತರಲು ಹೋದಾಗ (ಕರೆಂಟು ಹೋಗಿದ್ದರಿಂದ ಅದು ಅಲ್ಲೇ ಉಳಿದಿತ್ತು) ಸುಮ್ನೆ ನಗುತ್ತಾ ಕೇಳುವ ಹಾಗೆ ಕೇಳಿದೆ. ಅವನು ತಲೆ ಎತ್ತಲೂ ಇಲ್ಲ.

"ಕಲ್ಲು ಕುಡೀತದ್ರಿ."

ಅಷ್ಟೇ ಮಾತು. ಅವನು ಹೇಳಿದ್ದು ಸರಿಯೇ. ಬೀಸುವಾಗ ಬಿಸಿಗೆ ಕಾಳಿನ ತೇವ ಆರುತ್ತದೆ. ಸ್ವಲ್ಪ ಹಿಟ್ಟು ಗಾಳಿಗೆ ಹಾರುತ್ತದೆ, ಸ್ವಲ್ಪ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಗಿರಣಿಯ ಗೋಡೆ, ಜೇಡರ ಬಲೆ, ಅವನ ಹುಬ್ಬು, ಎಲ್ಲ ಬೆಳ್ಳಗಿರುವುದು ಯಾವುದರಿಂದ ಮತ್ತೆ? ಎಲ್ಲರ ಡಬ್ಬಿಯಿಂದಲೂ ಸ್ವಲ್ಪ ಸ್ವಲ್ಪ ಹೋಗಲೇಬೇಕು.

ಆದರೆ ಆ ಮಾತು ಕೇಳಿದ ಕೂಡಲೇ ನನಗೆ ಬೇರೇನೋ ನೆನಪಾಗಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಇದೇ ಮಾತನ್ನು ಇದೇ ಜಾಗದಲ್ಲಿ ಇವನ ಅಪ್ಪನ ಬಾಯಲ್ಲಿ ಕೇಳಿದ್ದೆ. ನಾವೆಲ್ಲ ಗಿರಣಿ ಅಜ್ಜ ಅನ್ನುತ್ತಿದ್ದೆವು. ಆಗ ಡೀಸೆಲ್ ಎಂಜಿನ್ ಇತ್ತು, ಮಾಳಿಗೆಯ ಮೇಲಿನ ಕೊಳವೆ ಕುಕ್ ಕುಕ್ ಅನ್ನುತ್ತಿತ್ತು, ಆ ಸಪ್ಪಳ ಕೇಳಿಯೇ ಗಿರಣಿ ತೆಗೆದಿದೆ ಅಂತ ಓಣಿಗೆ ಗೊತ್ತಾಗುತ್ತಿತ್ತು. ನಾನು ನಾಲ್ಕನೆಯದೋ ಐದನೆಯದೋ ತರಗತಿ. ಬೆಟಗೇರಿಯಲ್ಲಿ ಅಪ್ಪ ದುಡಿಯುತ್ತಿದ್ದ ಅರಳೆ ಕಾರ್ಖಾನೆ ಮುಚ್ಚಿ, ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರವೊಂದೇ ನಡೆಯುತ್ತಿದ್ದ ದಿನಗಳು. ನನ್ನ ಕೈಯಲ್ಲಿ ಎರಡು ಸೇರು ಜೋಳದ ಡಬ್ಬಿ. ಅಜ್ಜ ಅದನ್ನು ಬುಟ್ಟಿಗೆ ಸುರಿದು, ಗೋಡೆಗೆ ಒರಗಿಸಿಟ್ಟ ಒಂದು ಚೀಲದ ಬಾಯಿ ಬಿಚ್ಚಿ, ಎರಡು ದೊಡ್ಡ ಬೊಗಸೆ ಜೋಳ ತೆಗೆದು ನಮ್ಮದರ ಮೇಲೆ ಹಾಕುತ್ತಿದ್ದ.

"ಕಲ್ಲು ಕುಡೀತದಪಾ. ಅದರ ಪಾಲು ಮೊದಲ ಕೊಟ್ಟಬಿಡಬೇಕು."

ನಾನು ನಂಬಿದ್ದೆ. ಎಲ್ಲರಿಗೂ ಹಾಕುತ್ತಾನೆ, ಅದು ಗಿರಣಿಯ ಕಾಯಿದೆ, ಅಂತ. ಕಲ್ಲಿಗೆ ಬಾಯಾರಿಕೆ ಆಗುತ್ತದೆ ಅನ್ನುವುದನ್ನು ಶಾಲೆಯಲ್ಲಿ ಗೆಳೆಯರಿಗೂ ಹೇಳಿದ್ದೆ. ನಮ್ಮ ಡಬ್ಬಿ ಯಾವತ್ತೂ ಕಡಿಮೆ ತುಂಬಿ ಮನೆಗೆ ಬಂದಿದ್ದಿಲ್ಲ. ಹೋಗುವಾಗ ಒಂದು ಕೈಯಲ್ಲಿ ಹಿಡಿದಿದ್ದನ್ನು ಬರುವಾಗ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಹೊಸ ಹಿಟ್ಟಿನ ಬಿಸಿ ನೆತ್ತಿಗೆ ತಾಗುತ್ತಿತ್ತು.

ಮಗನನ್ನು ಕೇಳಿದೆ, ಈಗ ಹಾಕುವುದಿಲ್ಲವಾ ಅಂತ.

"ಏನು?"

"ಕಲ್ಲಿನ ಪಾಲು. ಅಜ್ಜ ಚೀಲದಿಂದ ಹಾಕ್ತಿದ್ರಲ್ಲ, ಎಲ್ಲರ ಜೋಳಕ್ಕೂ."

ಅವನು ಬೆಲ್ಟಿಗೆ ಹಚ್ಚುತ್ತಿದ್ದ ಮೇಣ ಬಿಟ್ಟು ನನ್ನ ಮುಖ ನೋಡಿದ. "ಎಲ್ಲಾರಿಗೂ ಹಾಕಿದ್ರ ಗಿರಣಿ ನಡೀತಿತ್ತೇನ್ರಿ?"

ಮತ್ತೆ ಮೇಣ ಹಚ್ಚಲು ಶುರು ಮಾಡಿದ. ಆ ಚೀಲ ಅವರ ಹೊಲದ ಜೋಳವಂತೆ, ಮನೆಯ ಊಟಕ್ಕೆ ಅಂತ ಇಟ್ಟದ್ದಂತೆ. ಕೆಲವು ಡಬ್ಬಿಗಳಿಗೆ ಮಾತ್ರ ಹಾಕುತ್ತಿದ್ದನಂತೆ. ಯಾವ ಡಬ್ಬಿಗಳು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಊರಿನವರಿಗೆ ಸಾಲದ ಲೆಕ್ಕ ಹೊಸದಲ್ಲ. ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು ಅಂತ ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದಾರೆ. ಅಲ್ಲಿ ಪುಸ್ತಕ ಇತ್ತು, ಸಹಿ ಇತ್ತು, ಕೊಟ್ಟದ್ದು ತೀರಿಸಿದ್ದು ಎಲ್ಲ ಬರೆದಿರುತ್ತಿತ್ತು. ಅಜ್ಜನ ಗಿರಣಿಯಲ್ಲೂ ಒಂದು ಉದ್ದನೆಯ ಕೆಂಪು ಪುಸ್ತಕ ಇತ್ತು, ಬೀಸಿದ ಕೂಲಿ ಬಾಕಿ ಬರೆಯಲು. ಆ ಬಾಕಿಯನ್ನು ಅಪ್ಪ ಆಮೇಲೆ ಪೂರ್ತಿ ತೀರಿಸಿದ, ಅದು ನನಗೆ ಗೊತ್ತು. ಬೊಗಸೆಯ ಲೆಕ್ಕ ಪುಸ್ತಕದಲ್ಲಿ ಇರಲಿಲ್ಲ.

ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಹೇಗೆ ಹೇಳುವುದು? ಧನ್ಯವಾದ ಅನ್ನುವುದು ಸಭೆಯಲ್ಲಿ ಮೈಕು ಹಿಡಿದು ವಂದನಾರ್ಪಣೆಗೆ ಬರುವ ಮಾತು, ಗಿರಣಿಯಲ್ಲಿ ಹೇಳಿದರೆ ಇವನಿಗೇನಾಯಿತು ಅಂತಾರೆ. ಆದರೂ ಬಾಯಿ ತಡೆಯದೆ, "ಅಜ್ಜನಿಂದ ನಮಗೆ ಭಾಳ ಉಪಕಾರ ಆಗಿದೆ" ಅಂದೆ. ಅವನಿಗೆ ಎಷ್ಟು ಮುಜುಗರವಾಯಿತೆಂದರೆ ಎದ್ದು ಒಳಗೆ ಹೋಗಿ, ಇಲ್ಲದ ಯಾವುದೋ ಪಾನಾ ಹುಡುಕತೊಡಗಿದ. ಒಳಗಿನಿಂದಲೇ ಕೂಗಿದ, "ಗೋಧಿ 4 ಕಿಲೋ, 24 ರೂಪಾಯಿ ಕೊಡ್ರಿ."

50ರ ನೋಟು ಕೊಟ್ಟು ಚಿಲ್ಲರೆ ಇರಲಿ ಅಂದೆ. 26 ರೂಪಾಯಿ ಎಣಿಸಿ ಕೈಗಿಟ್ಟ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, ದೊಡ್ಡ ಗುಟ್ಟು ಪತ್ತೆ ಹಚ್ಚಿದವನ ಹಾಗೆ. ಅವಳು ಕರ್ಚಿಕಾಯಿಯ ಅಂಚು ಮಡಚುತ್ತಿದ್ದಳು, ನಿಲ್ಲಿಸಲಿಲ್ಲ. "ನನಗ ಮೊದಲನೇ ದಿನಾನ ಗೊತ್ತಾಗಿತ್ತು. ಎರಡು ಸೇರು ಕಳಿಸಿದಾಕಿಗೆ ಎರಡೂವರಿ ಬಂದ್ರ ತಿಳಿಯೂದಿಲ್ಲೇನು?"

ಮತ್ತೆ ಯಾಕೆ ಸುಮ್ಮನಿದ್ದೆ ಅಂದರೆ, ಸುಮ್ಮನೆಲ್ಲಿದ್ದೆ ಅಂದಳು. ಅಜ್ಜನ ಹೆಂಡತಿಯ ಕುಪ್ಪಸಗಳನ್ನೆಲ್ಲ ಇವಳೇ ಹೊಲಿದು ಕೊಡುತ್ತಿದ್ದಳಂತೆ. ನಾಗರ ಪಂಚಮಿಗೆ ಉಂಡಿ, ದೀಪಾವಳಿಗೆ ಶೇಂಗಾ ಹೋಳಿಗೆ ಒಂದು ಡಬ್ಬಿಯಲ್ಲಿ ಆ ಮನೆಗೆ ಹೋಗುತ್ತಿತ್ತು. ಆ ಡಬ್ಬಿ ಖಾಲಿ ತಿರುಗಿ ಬರುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯೋ ನಾಲ್ಕು ನಿಂಬೆಹಣ್ಣೋ ಹಾಕಿ ಅಜ್ಜಿ ಕಳಿಸುತ್ತಿದ್ದಳು. ಅದಕ್ಕೆ ಇವಳು ಇನ್ನೇನೋ. ಆ ಡಬ್ಬಿ ಒಯ್ದು ತರುತ್ತಿದ್ದವನು ನಾನೇ! ಅಂದರೆ ನನ್ನ ಕೈಯಲ್ಲೇ ನಡೆದ ವ್ಯವಹಾರ ಮೂವತ್ತು ವರ್ಷ ನನಗೇ ಗೊತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಸಂಜೆ ಗಿರಣಿಯಲ್ಲಿ ಲಕ್ಷ್ಮೀ ಪೂಜೆ. ಯಂತ್ರ ತೊಳೆದು, ಅದರ ಬುಟ್ಟಿಗೆ ಚೆಂಡು ಹೂವಿನ ಮಾಲೆ, ಎರಡೂ ಕಡೆ ಬಾಳೆಕಂಬ, ಕಲ್ಲಿನ ಮೇಲೆ ಅರಿಶಿನ ಕುಂಕುಮ. ಅಜ್ಜನ ಕೆಂಪು ಪುಸ್ತಕವನ್ನೂ ಇಟ್ಟಿದ್ದರು, ಈಗ ಅದರಲ್ಲಿ ಯಾರೂ ಬರೆಯುವುದಿಲ್ಲ. ಅಮ್ಮ ಕಳಿಸಿದ ಹೋಳಿಗೆ ಡಬ್ಬಿ ಕೊಟ್ಟೆ. ಮಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಈ ಸಲ ಅವನಿಗೆ ಮುಜುಗರ ಆಗಲಿಲ್ಲ. ನನಗೆ ಚುರುಮುರಿ, ಬತಾಸು, ಒಂದು ತುಂಡು ಕೊಬ್ಬರಿ ಕೊಟ್ಟ. ಕೂತು ತಿಂದೆ. ಅವನ ಮಗಳು ಸುರುಸುರು ಬತ್ತಿ ಹಚ್ಚುತ್ತಿದ್ದಳು, ಹಿಟ್ಟಿನ ಧೂಳಿರುವ ಜಾಗದಲ್ಲಿ ಬೆಂಕಿ ಬೇಡ ಅಂತ ಅಪ್ಪ ಬೈದು ರಸ್ತೆಗೆ ಓಡಿಸಿದ. ಬೈದದ್ದು ಸರಿ, ಗಾಳಿಯಲ್ಲಿ ತುಂಬಿದ ಹಿಟ್ಟು ಬೆಂಕಿ ಸೋಕಿದರೆ ಸಿಡಿಯುತ್ತದೆ.

ಕೊರತೆಗಳನ್ನೂ ಹೇಳಬೇಕಲ್ವಾ, ರಿವ್ಯೂ ಅಂದ ಮೇಲೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ, ಎಷ್ಟು ತಟ್ಟಿದರೂ ತೆಗೆಯುವುದಿಲ್ಲ, ಒಳಗೆ ಗೊರಕೆ ಕೇಳುತ್ತದೆ. ತ್ರೀ ಫೇಸ್ ಕರೆಂಟು ಹೋದರೆ ಆ ದಿನದ ಕಥೆ ಮುಗಿಯಿತು. ಫೋನ್‌ಪೇ ಸ್ಟಿಕರ್ ಇದೆ, ಹಿಟ್ಟು ಕೂತು ಸ್ಕ್ಯಾನ್ ಆಗುವುದಿಲ್ಲ, ಮೊದಲು ಅಂಗಿಯ ತುದಿಯಿಂದ ಒರೆಸಿ. ದಮ್ಮು ಇರುವವರು ಹೊರಗೇ ನಿಲ್ಲಿ. ಕಲ್ಲಿಗೆ ಮುಳ್ಳು ಹಾಕಿಸಿದ (ಸವೆದ ಕಲ್ಲನ್ನು ಕೆತ್ತಿ ಮತ್ತೆ ಉರುಟು ಮಾಡಿಸಿದ) ದಿನ ಹಿಟ್ಟಿನಲ್ಲಿ ಸಣ್ಣ ಮರಳು ಬರುತ್ತದೆ. ಅವನೇ ಮೊದಲು ಒಂದಷ್ಟು ನುಚ್ಚು ಬೀಸಿ ದನಕ್ಕೆ ಹಾಕುತ್ತಾನೆ, ಆದರೂ ಆ ದಿನ ತಪ್ಪಿಸುವುದು ಒಳ್ಳೆಯದು. ರೇಟು: ಜೋಳ, ಗೋಧಿ ಕಿಲೋಗೆ 6 ರೂಪಾಯಿ, ಚಕ್ಕುಲಿ ಹಿಟ್ಟಿಗೆ 10. ಬಿಸಿ ಹಿಟ್ಟನ್ನು ಕೂಡಲೇ ಮುಚ್ಚಳ ಹಾಕಿ ಇಡಬೇಡಿ, ಬೆವರಿ ಗಂಟು ಕಟ್ಟುತ್ತದೆ. ಮೊರದಲ್ಲೋ ಪೇಪರಿನ ಮೇಲೋ ಹರವಿ ಆರಿಸಿ.

ಚಕ್ಕುಲಿ ಹೇಗೆ ಬಂತು ಅಂತ ಕೇಳುತ್ತೀರಾ? ಮುಳ್ಳು ಮುಳ್ಳಾಗಿ, ಬಾಯಿಗಿಟ್ಟರೆ ಪಟ್ ಅನ್ನುವ ಹಾಗೆ. ಪಾಡ್ಯದ ದಿನ ಬಾಗಿಲಿಗೆ ಸಗಣಿಯ ಪಾಂಡವರನ್ನು ಇಡುವ ಹೊತ್ತಿಗೆ ಅರ್ಧ ಡಬ್ಬಿ ಖಾಲಿ. ರೊಟ್ಟಿಯಂತೂ ಅಮ್ಮ ಬಡಿಯುವಾಗ ಎದುರು ಕೂತು ನೋಡಿದೆ. ಅಂಚು ಒಂದು ಕಡೆಯೂ ಬಿರಿಯಲಿಲ್ಲ.

ಆ ಅರ್ಧ ನಕ್ಷತ್ರ ಮಧ್ಯಾಹ್ನದ ಗೊರಕೆಗೆ ಕಳೆದದ್ದು. 150 ಗ್ರಾಮಿನ ಲೆಕ್ಕ ನಾನು ಬಿಟ್ಟಿದ್ದೇನೆ. ತಕ್ಕಡಿಯನ್ನು ಅಮ್ಮನ ಮನೆಯಲ್ಲೇ ಬಿಟ್ಟು ಬಂದೆ, ಅವಳಿಗೆ ಗ್ಯಾಸ್ ಸಿಲಿಂಡರ್ ತೂಗಲು ಬೇಕಂತೆ. ಆಗುವುದಿಲ್ಲ, ಅದು ಅಷ್ಟು ಭಾರ ಎತ್ತುವುದಿಲ್ಲ ಅಂದರೂ ಕೇಳಲಿಲ್ಲ.

ಹೋಳಿಗೆಯ ಡಬ್ಬಿ ತರುವುದನ್ನು ಮರೆತು ರೈಲು ಹತ್ತಿದ್ದೆ, ಅದಕ್ಕೆ ಫೋನಿನಲ್ಲಿ ಎರಡು ದಿನ ಬೈಸಿಕೊಂಡೆ. ಮೊನ್ನೆ ಅಮ್ಮ ಮತ್ತೆ ಫೋನ್ ಮಾಡಿದ್ದಳು. ಗಿರಣಿಯವನ ಮಗಳು ಡಬ್ಬಿ ತಂದು ಕೊಟ್ಟಳಂತೆ. ಒಳಗೆ ಒಂದು ಸೇರು ಸಜ್ಜೆ, ಸಂಕ್ರಾಂತಿಯ ರೊಟ್ಟಿಗೆ.

"ಈಗ ನಾ ಏನ್ ಕೊಟ್ಟ ಕಳಸ್ಲಿ ಹೇಳು" ಅಂದಳು.